ಧಣ್ ಎನ್ನುವ ಮೂಲೆ

ಆ ಬೀದಿಯಲ್ಲಿ ಮೆಕ್ಯಾನಿಕ್‌ನ ಕಿವಿಯ ಬಗ್ಗೆ ಎರಡು ಮಾತಿರಲಿಲ್ಲ. ಗಿರಾಕಿ ಗಾಡಿಯನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸುವಷ್ಟರಲ್ಲಿ, ಒಳಗೆ ಚಹಾ ಕುಡಿಯುತ್ತ ಕೂತವನು ಲೋಟ ಕೆಳಗಿಡದೆಯೇ ಚೈನ್ ಸಡಿಲವಾಗಿದೆ ಎಂದೋ, ಬೇರಿಂಗ್ ಹೋಗಿದೆ ಎಂದೋ ಹೇಳಿಬಿಡುತ್ತಿದ್ದ. ಹೆಚ್ಚುಕಡಿಮೆ ಯಾವಾಗಲೂ ಅದು ಸರಿಯಾಗಿರುತ್ತಿತ್ತು. ಸರಿಯಾಗಿರದಿದ್ದಾಗ ತಪ್ಪು ಗಾಡಿಯದು ಎಂದು ಅವನ ವಾದ. ಕಿವಿ ಕೊಡುವ ಭರದಲ್ಲಿ ದೇವರು ಅವನಿಗೆ ಬಾಯಿ ಕೊಡುವುದನ್ನು ಮರೆತಿದ್ದ, ಅಷ್ಟೆ. ಹೂಂ, ಉಹೂಂ, ನಾಳೆ ಬಾ, ಇಷ್ಟರಲ್ಲೇ ಅವನ ದಿನ ಮುಗಿದುಹೋಗುತ್ತಿತ್ತು.

ಅವನ ಹೆಂಡತಿಗೆ ಬಾಯಿ ಇತ್ತು. ಆದರೆ ಅದನ್ನು ಬಸ್ ನಿಲ್ದಾಣದವರು ಹಿಡಿದಿಟ್ಟುಕೊಂಡಿದ್ದರು. ವಿಚಾರಣೆ ಕಿಟಕಿಯ ಹಿಂದೆ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾಕೆ ತಡ, ಹೋದದ್ದು ಮತ್ತೆ ಬರುತ್ತದೋ ಇಲ್ಲವೋ ಎಂದು ಊರಿನ ಸಮಸ್ತರಿಗೂ ಮೈಕಿನಲ್ಲಿ ಹೇಳಿ ಹೇಳಿ, ಮನೆಗೆ ಬರುವ ಹೊತ್ತಿಗೆ ಅವಳ ಗಂಟಲು ಒಣಗಿದ ನಲ್ಲಿಯ ಹಾಗಾಗಿರುತ್ತಿತ್ತು. ಚಪ್ಪಲಿ ಬಿಟ್ಟು, ಮುಖ ತೊಳೆದು, ತುಟಿಪಿಟಕ್ಕೆನ್ನದೆ ಅಡುಗೆಮನೆ ಸೇರುವಳು. ಹೀಗೆ ಮಾತೇ ಆಡದ ಒಬ್ಬ, ಮಾತೆಲ್ಲ ಹೊರಗೇ ಖರ್ಚು ಮಾಡಿ ಬರುವ ಒಬ್ಬಳು. ಇವರು ಸಂಸಾರ ಹೇಗೆ ಮಾಡಿದರು ಎಂದು ನೀವು ಕೇಳಬಹುದು. ಕಲ್ಲಿನ ಮೂಲಕ ಮಾಡಿದರು.

ಅಡುಗೆಮನೆಯ ಕಟ್ಟೆಗೆ ಮೊದಲಿನಿಂದಲೂ ಒಂದು ಕರಿಕಲ್ಲಿನ ಚಪ್ಪಡಿ ಹಾಕಿತ್ತು. ಅದರ ಒಂದು ಕೊನೆ ಕಿಟಕಿಯ ಕೆಳಗೆ, ಸಿಂಕಿನ ಪಕ್ಕ. ಇನ್ನೊಂದು ಕೊನೆ ಒಲೆಯ ಆಚೆ, ನಡುಮನೆಗೆ ತೆರೆದುಕೊಳ್ಳುವ ಬಾಗಿಲಿನ ಹತ್ತಿರ. ಮೆಕ್ಯಾನಿಕ್ ನಡುಮನೆಯ ಕುರ್ಚಿಯಲ್ಲಿ ಪೇಪರ್ ಹರಡಿಕೊಂಡು ಕೂತಿರುವನು. ಒಳಗೆ ಹೆಂಡತಿ ಪಾತ್ರೆ ಇಟ್ಟ ಸದ್ದು 'ಟಿಕ್' ಎಂದಿತೋ, ಎಲ್ಲ ಸುಖವಾಗಿದೆ ಎಂದು ಅವನು ಪುಟ ತಿರುಗಿಸುವನು. 'ಧಣ್' ಎಂದಿತೋ, ಅವನ ಕಿವಿ ನೆಟ್ಟಗಾಗುವುದು, ಎದೆ ಧಸಕ್ಕೆನ್ನುವುದು. ಹೆಂಡತಿಗೆ ಕೋಪ ಬಂದಿದೆ. ಯಾಕೆ ಎಂದು ಕೇಳುವ ಧೈರ್ಯ ಯಾರಿಗಿದೆ? ಪೇಪರ್ ಮಡಿಸಿಟ್ಟು, ಬಾಲ ಮುದುರಿಕೊಂಡು ಒಳಗೆ ಹೋಗಿ, ಅವಳ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಬಟಾಣಿ ಬಿಡಿಸಲು ಕೂರುವನು. ಬಟಾಣಿ ಇಲ್ಲದಿದ್ದರೆ ಬೆಳ್ಳುಳ್ಳಿ. ಬೆಳ್ಳುಳ್ಳಿಯೂ ಇಲ್ಲದಿದ್ದರೆ ಚೆನ್ನಾಗಿಯೇ ಇರುವ ನಲ್ಲಿಯನ್ನು ಬಿಚ್ಚಿ ಮತ್ತೆ ಜೋಡಿಸುವನು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಕೂತಲ್ಲೇ ತಲೆಯೊಳಗೆ ತನ್ನ ತಪ್ಪುಗಳನ್ನೆಲ್ಲ ಹುಡುಕಿ, ಇದಕ್ಕೇ ಇರಬೇಕು ಎನ್ನಿಸಿದ್ದನ್ನು ಒಪ್ಪಿಕೊಂಡುಬಿಡುತ್ತಿದ್ದ. ಬಾಮೈದನ ಸ್ಕೂಟರ್ ಗೋಡೆಗೆ ಉಜ್ಜಿದ್ದು, ಅತ್ತೆ ಹೆಣೆದುಕೊಟ್ಟ ಮಫ್ಲರಿನಲ್ಲಿ ಇಂಜಿನ್ ಒರೆಸಿದ್ದು, ಎಲ್ಲವೂ ಹೊರಬಿದ್ದದ್ದು ಹೀಗೆಯೇ. ಅವಳು ಒಂದು ಮಾತೂ ಕೇಳಿರುತ್ತಿರಲಿಲ್ಲ. ಸುಮ್ಮನೆ ಅವನ ಮುಖ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ಒಲೆಯ ಕಡೆ ತಿರುಗುತ್ತಿದ್ದಳು. ಕೋಪವನ್ನು ನುಂಗಿಕೊಳ್ಳುತ್ತಿದ್ದಾಳೆ ಎಂದು ಅವನು ಇನ್ನಷ್ಟು ಬಟಾಣಿ ಬಿಡಿಸುತ್ತಿದ್ದ.

ಹಾಗಿರುವಾಗ ಒಂದು ದಿನ ಸಿಂಕಿನ ಪಕ್ಕ ಚಪ್ಪಡಿ ಬಿರುಕು ಬಿಟ್ಟಿತು. ನೀರು ಇಳಿದು ಕೆಳಗಿನ ಕಪಾಟು ಉಬ್ಬಿ, ಬಾಗಿಲು ಮುಚ್ಚದಂತಾಯಿತು. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದ ಮಗಳು, ಈ ಹಳೇ ಕಲ್ಲನ್ನು ಕಿತ್ತು ಹೊಸದು ಹಾಕಿಸೋಣ ಎಂದು ಪಟ್ಟು ಹಿಡಿದಳು. ಅವಳಿಗೆ ಬೇಕಾದದ್ದು ಬೆಳ್ಳಗಿನ ಕ್ವಾರ್ಟ್ಜ್. ದಿನವಿಡೀ ಹಲ್ಲು ನೋಡುವ ಹುಡುಗಿಗೆ ಬಿಳಿಯಲ್ಲದ್ದೆಲ್ಲ ರೋಗ ಎನ್ನಿಸುತ್ತಿತ್ತು. ಹೆಂಡತಿ, ಯಾವುದಾದರೂ ಸರಿ ಎಂದಳು. ಮೆಕ್ಯಾನಿಕ್‌ಗೆ ಮಾತ್ರ ದಿಗಿಲು ಹತ್ತಿತು. ಹೊಸ ಕಟ್ಟೆ ಸದ್ದು ಮಾಡದಿದ್ದರೆ? ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಬೇರೆ ದಾರಿಯನ್ನು ಅವನು ಕಲಿತೇ ಇರಲಿಲ್ಲ. ತನ್ನ ಮನೆಯಲ್ಲಿ ತಾನೇ ಕಿವುಡನಾಗಿ ಬದುಕಬೇಕಲ್ಲ ಎಂಬ ಚಿಂತೆ ಅವನನ್ನು ಹಿಡಿದುಕೊಂಡಿತು.

ಕಲ್ಲಿನ ಮಳಿಗೆಗೆ ಮೂವರೂ ಹೋದರು. ಹೋಗುವಾಗ ಅವನು ಪ್ಯಾಂಟಿನ ಜೇಬಿನಲ್ಲಿ ಮನೆಯ ಸ್ಟೀಲ್ ಲೋಟವೊಂದನ್ನು ಇಟ್ಟುಕೊಂಡಿದ್ದ. ಚಪ್ಪಡಿಗಳು ಸಾಲಾಗಿ ಗೋಡೆಗೆ ಒರಗಿ ನಿಂತಿದ್ದವು. ಹಿತ್ತಲಲ್ಲಿ ಗರಗಸ ನೀರು ಚಿಮ್ಮಿಸುತ್ತ ಕಲ್ಲು ಕೊಯ್ಯುತ್ತಿತ್ತು. ಮಳಿಗೆಯವಳು ಕನ್ನಡಕವನ್ನು ನೆತ್ತಿಗೇರಿಸಿಕೊಂಡು, ಒಂದೊಂದು ಮಾದರಿಯನ್ನೂ ಮೇಜಿನ ಮೇಲಿಟ್ಟು ಅದರ ಗುಣಾವಗುಣ ಹೇಳತೊಡಗಿದಳು. ಅಮೃತಶಿಲೆ ನೋಡಲು ಚೆಂದ, ಆದರೆ ನಿಂಬೆರಸ ಬಿದ್ದರೆ ಮಚ್ಚೆ ಕೂರುತ್ತದೆ. ಕ್ವಾರ್ಟ್ಜ್‌ಗೆ ಕಲೆ ಹಿಡಿಯುವುದಿಲ್ಲ, ಆದರೆ ಕಾದ ಬಾಣಲೆಯನ್ನು ನೇರವಾಗಿ ಇಡಬಾರದು. ಗ್ರಾನೈಟ್ ಎಲ್ಲವನ್ನೂ ತಾಳಿಕೊಳ್ಳುತ್ತದೆ, ಆದರೆ ಅದರ ಮೇಲೆ ಕೈತಪ್ಪಿ ಬಿದ್ದ ಗಾಜು ಉಳಿಯುವುದಿಲ್ಲ. ತೇಗದ ಹಲಗೆ ಬೇಕೆಂದರೆ ಆಗಾಗ ಎಣ್ಣೆ ಸವರಬೇಕು, ನೀರು ನಿಲ್ಲಲು ಬಿಡಬಾರದು, ಕೂಸಿನ ಹಾಗೆ ನೋಡಿಕೊಳ್ಳಬೇಕು.

ಮೆಕ್ಯಾನಿಕ್ ಲೋಟ ಹೊರತೆಗೆದು ಕುಕ್ಕಲು ಶುರುಮಾಡಿದ. ಅಮೃತಶಿಲೆ 'ಟಕ್' ಎಂದಿತು. ಕ್ವಾರ್ಟ್ಜ್ 'ಟಪ್' ಎಂದು ಸುಮ್ಮನಾಯಿತು. ಸ್ಟೀಲ್ ತಗಡು ಎಂಥ ಸದ್ದು ಮಾಡಿತೆಂದರೆ, ಇದರ ಮೇಲೆ ಹೆಂಡತಿ ಸಿಟ್ಟಾದರೆ ಇಡೀ ಬೀದಿ ಬಂದು ಬಟಾಣಿ ಬಿಡಿಸಬೇಕಾದೀತು ಎಂದುಕೊಂಡು ಅವನು ಹಿಂದೆ ಸರಿದ. ಮರದ ಮೇಲೆ ಕುಕ್ಕಿದ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ 'ಧಪ್' ಎಂದಿತು, ಅದೂ ಅವನ ಕಿವಿಗೆ ಮಾತ್ರ. ಅವನ ಮುಖ ಸಪ್ಪಗಾಯಿತು. ಮಳಿಗೆಯವಳು, ಬಿರುಕು ಪರೀಕ್ಷೆ ಮಾಡುವ ಅನುಭವಸ್ಥ ಗಿರಾಕಿ ಇವನು ಎಂದು ತಿಳಿದು ಕುರ್ಚಿ ಕೊಡಿಸಿದಳು. ಮಗಳು, ಇವರು ಯಾರೋ ನನಗೆ ಗೊತ್ತಿಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡುತ್ತ ನಿಂತಳು.

ಅವನಿಗೆ ಅರ್ಥವಾಗದ ವಿಷಯ ಬೇರೆಯೇ ಇತ್ತು. ಮಳಿಗೆಯಲ್ಲಿದ್ದ ಕರಿಕಲ್ಲುಗಳನ್ನೆಲ್ಲ ಕುಕ್ಕಿ ನೋಡಿದರೂ ಒಂದೂ ಧಣ್ ಎನ್ನಲಿಲ್ಲ. ಮನೆಯ ಚಪ್ಪಡಿಯ ಅಣ್ಣತಮ್ಮಂದಿರಂತಿದ್ದವೂ ಟಿಕ್ ಎಂದವೇ ಹೊರತು ಆ ಗಂಭೀರ ಸದ್ದು ಬರಲಿಲ್ಲ. ಹೆಂಡತಿಯ ಕೈಗುಣವೇ ಇರಬೇಕು ಎಂದು ಸಮಾಧಾನ ಮಾಡಿಕೊಂಡು, ಕರಿ ಗ್ರಾನೈಟೇ ಇರಲಿ ಎಂದು ಘೋಷಿಸಿಬಿಟ್ಟ. ಈ ಗಲಾಟೆಯಲ್ಲಿ ಅವನು ನೋಡದೇ ಹೋದದ್ದು ಒಂದಿತ್ತು. ಅಷ್ಟು ಹೊತ್ತೂ ಅವನ ಹೆಂಡತಿ ತೇಗದ ತುಂಡಿನ ಮೇಲೆ ಅಂಗೈ ಊರಿಕೊಂಡು ನಿಂತಿದ್ದಳು. ಮಳಿಗೆಯವಳು ಅದನ್ನು ಎತ್ತಿಡಲು ಬಂದಾಗ ಮಾತ್ರ ಕೈ ತೆಗೆದಳು. ಅದು ಸದ್ದು ಮಾಡುವ ಕೆಲಸವಲ್ಲವಾದ್ದರಿಂದ ನಮ್ಮ ಮಹಾಶಯನಿಗೆ ತಿಳಿಯಲಿಲ್ಲ.

ಅಪ್ಪ ಕರಿ ಎಂದರೆ ಮಗಳು ಬಿಳಿ ಎನ್ನುವಳು. ಇದು ಇವತ್ತಿಗೆ ಮುಗಿಯುವುದಲ್ಲ ಎಂದು ಮಳಿಗೆಯವಳಿಗೆ ಗೊತ್ತಾಯಿತು. ಕರಿಯದು, ಬಿಳಿಯದು, ತೇಗದ್ದು, ಮೂರು ತುಂಡುಗಳನ್ನು ಚೀಲಕ್ಕೆ ಹಾಕಿ ಕೊಟ್ಟು, ಮೊದಲು ಹಳೆಯ ಚಪ್ಪಡಿ ಎತ್ತಿಸಿ ಅಳತೆ ತೆಗೆಸಿ, ಅಷ್ಟರಲ್ಲಿ ಮನೆಯಲ್ಲೇ ಕೂತು ತೀರ್ಮಾನ ಮಾಡಿ ಎಂದು ಸಾಗಹಾಕಿದಳು.

ಮೇಸ್ತ್ರಿ ಬಂದದ್ದು ರಜೆಯ ದಿನ ಬೆಳಿಗ್ಗೆ. ಎಲ್ಲರೂ ಮನೆಯಲ್ಲೇ ಇದ್ದರು. ಒಲೆ, ಡಬ್ಬಿಗಳನ್ನೆಲ್ಲ ಹೊರಗೆ ಸಾಗಿಸಿದ ಮೇಲೆ ಮೇಸ್ತ್ರಿ ಒಳಗೆ ಸಿಂಕಿನ ಪೈಪು ಬಿಚ್ಚುತ್ತಿದ್ದ. ಮೆಕ್ಯಾನಿಕ್ ನಡುಮನೆಗೆ ತಂದಿಟ್ಟ ಕಪಾಟಿನ ಬಾಗಿಲಿನ ತಿರುಪು ತೆಗೆಯುತ್ತ ಕೂತಿದ್ದ, ಪಕ್ಕದಲ್ಲೇ ಹೆಂಡತಿ ಲೋಟಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಳು. ಆಗ ಒಳಗಿನಿಂದ ಬಂತು ನೋಡಿ ಸದ್ದು.

ಧಣ್.

ಇಷ್ಟು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಅವನ ಕೈಯಿಂದ ತಿರುಪು ಉರುಳಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಆ ಫ್ಲಾಸ್ಕು ನಾನೇ ಒಡೆದದ್ದು ಕಣೇ. ಬೆಕ್ಕಲ್ಲ."

ಹೆಂಡತಿ ಪೇಪರು ಸುತ್ತುವುದನ್ನು ನಿಲ್ಲಿಸಿ ಕಣ್ಣುಕಣ್ಣು ಬಿಟ್ಟಳು. ಅವನೂ ಬಿಟ್ಟ. ಅವಳು ಇಲ್ಲಿದ್ದಾಳೆ. ಸದ್ದು ಅಲ್ಲಿಂದ ಬಂದಿದೆ. ಹಾಗಾದರೆ ಕೋಪ ಬಂದಿರುವುದು ಯಾರಿಗೆ?

ಇಬ್ಬರೂ ಒಳಗೆ ಹೋಗಿ ನೋಡಿದರು. ಮೇಸ್ತ್ರಿಗೆ ಯಾರ ಮೇಲೂ ಕೋಪ ಬಂದಿರಲಿಲ್ಲ. ಹಾಡು ಗುನುಗುತ್ತ, ಕೈಲಿದ್ದ ಸುತ್ತಿಗೆಯನ್ನು ಬಾಗಿಲ ಪಕ್ಕದ ಮೂಲೆಯಲ್ಲಿ ಇಟ್ಟಿದ್ದ ಅಷ್ಟೆ. ಅವನು ಚಪ್ಪಡಿಯ ಆ ಮೂಲೆಯನ್ನು ಉಳಿಯಿಂದ ಎಬ್ಬಿಸಿ ಕೆಳಗೆ ತೋರಿಸಿದ. ಉಳಿದ ಕಡೆಯೆಲ್ಲ ಗಾರೆ ತುಂಬಿತ್ತು. ಆ ಮೂಲೆಯಲ್ಲಿ ಮಾತ್ರ ಏನೂ ಇರಲಿಲ್ಲ, ಕೈ ತೂರುವಷ್ಟು ಪೊಳ್ಳು. ಕಲ್ಲು ಹಾಕಿದವನಿಗೆ ಅಂದು ಊಟದ ಹೊತ್ತಾಗಿತ್ತೋ ಏನೋ.

"ಇಲ್ಲಿ ಒಂದು ಚಮಚ ಇಟ್ಟರೂ ಡೋಲು ಬಾರಿಸಿದ ಹಾಗಾಗುತ್ತೆ ಅಕ್ಕ. ಇಷ್ಟು ದಿನ ಹೇಗೆ ಸಹಿಸಿಕೊಂಡ್ರಿ?" ಎಂದು ಮೇಸ್ತ್ರಿ ಕೇಳಿದ.

ಮೆಕ್ಯಾನಿಕ್ ಸ್ಟೂಲಿನ ಮೇಲೆ ಕುಸಿದು ಕೂತ. ಗಾಡಿಯಲ್ಲಿ ಇಂಥದೇ ಸದ್ದು ಬಂದಿದ್ದರೆ ಕೆಳಗೆ ಏನೋ ಸಡಿಲವಿದೆ ಎಂದು ಕೇಳಿದ ಕ್ಷಣವೇ ಹೇಳುತ್ತಿದ್ದ. ಮನೆಯಲ್ಲಿ ಬಂತೆಂದು ಹೆಂಡತಿಯ ತಲೆಗೆ ಕಟ್ಟಿದ್ದ. ಇಂಥ ಎಡವಟ್ಟನ್ನು ಅವನ ಬೀದಿಯಲ್ಲಿ ಇನ್ನಾರೂ ಮಾಡಿರಲಾರರು, ಮಾಡುವುದಕ್ಕೆ ಅಷ್ಟು ಒಳ್ಳೆಯ ಕಿವಿ ಬೇಕು.

ಮೇಸ್ತ್ರಿ ಚಹಾ ಕುಡಿಯಲು ಹೊರಗೆ ಹೋದ. ಮಗಳು ಬಾಗಿಲಲ್ಲಿ ಬಂದು ನಿಂತಳು. ಹೆಂಡತಿ ಅವನ ಎದುರು ನಿಂತು, ವಿಚಾರಣೆ ಕಿಟಕಿಯ ದನಿಯಲ್ಲಿ, ಏನು ಸಮಾಚಾರ ಎಂದು ಕೇಳಿದಳು. ಅವನು ನೆಲ ನೋಡುತ್ತ ತೊದಲಿ ತೊದಲಿ ಎಲ್ಲವನ್ನೂ ಹೇಳಿದ. ಟಿಕ್ ಎಂದರೆ ಸುಖ, ಧಣ್ ಎಂದರೆ ಕೋಪ, ಅದಕ್ಕೇ ಬಟಾಣಿ, ಅದಕ್ಕೇ ಬೆಳ್ಳುಳ್ಳಿ. ಮಗಳು, ಧಣ್ ಕೇಳಿದರೆ ಟಿವಿ ಆರಿಸು ಅಂತ ನನಗೂ ಅಪ್ಪ ಹೇಳಿಕೊಟ್ಟಿದ್ದರು ಎಂದು ಸಾಕ್ಷಿ ನುಡಿದಳು.

ನಗುತ್ತಾಳೆ ಎಂದು ಅವನು ಕಾದ. ಅವಳು ನಗಲಿಲ್ಲ.

"ಹಾಗಾದ್ರೆ ನೀವು ಬಂದು ಪಕ್ಕದಲ್ಲಿ ಕೂರ್ತಿದ್ದದ್ದು ಹೆದರಿಕೊಂಡಾ?" ಎಂದಳು. "ಕರೆಯದೇ ಬರ್ತಾರೆ, ಕೇಳದೇ ಕೆಲಸ ಮಾಡಿಕೊಡ್ತಾರೆ ಅಂತ ನಾನು ಬಸ್ ನಿಲ್ದಾಣದಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಓಡಾಡಿದ್ದೀನಿ."

ಹೆದರಿಕೆ ಮೊದಲು ಇದ್ದದ್ದು ನಿಜ. ಆದರೆ ಕೂತ ಮೇಲೆ ಎದ್ದು ಹೋಗಲು ಮನಸ್ಸಾಗದೆ ಬುಟ್ಟಿ ಖಾಲಿಯಾದರೂ ಕೂತೇ ಇರುತ್ತಿದ್ದದ್ದೂ ನಿಜ. ಅದನ್ನು ಮಾತಿನಲ್ಲಿ ಹೇಳಲು ಅವನಿಗೆ ಬರಲಿಲ್ಲ. ಬದಲಿಗೆ ಬಾಯಿಗೆ ಬಂದದ್ದು ಬೇರೆಯೇ ಪ್ರಶ್ನೆ.

"ಮತ್ತೆ ನಿನಗೆ ನಿಜವಾಗಿ ಕೋಪ ಬಂದಾಗ ನನಗೆ ಗೊತ್ತಾಗ್ತಿದ್ದದ್ದು ಹೇಗೆ?"

"ಗೊತ್ತೇ ಆಗ್ತಿರಲಿಲ್ಲ. ಅದಕ್ಕೇ ಇನ್ನೂ ಕೋಪ ಬರ್ತಿತ್ತು."

ಆಮೇಲೆ ಅವಳು ಕಿತ್ತ ಕಟ್ಟೆಯ ಕಡೆ ನೋಡಿದಳು. ಕಿಟಕಿಯ ಕೊನೆ, ಬಾಗಿಲಿನ ಕೊನೆ. ಏನೋ ಹೊಳೆದವಳಂತೆ ಅಲ್ಲಿಂದ ಇಲ್ಲಿಗೆ ಒಮ್ಮೆ ನಡೆದಳು. ಬಾಗಿಲ ಪಕ್ಕದ ಮೂಲೆಯಲ್ಲಿ ನಿಂತು ನಡುಮನೆಯ ಕುರ್ಚಿಯತ್ತ ಕತ್ತು ತಿರುಗಿಸಿದಳು. ಅವಳ ಮುಖ ನಿಧಾನವಾಗಿ ಸಡಿಲವಾಯಿತು.

"ಸಿಟ್ಟು ಬಂದ ದಿನ ನಾನು ಆ ಕಡೆ, ಕಿಟಕಿ ಹತ್ತಿರ ನಿಂತು ಕೆಲಸ ಮಾಡ್ತಿದ್ದೆ" ಎಂದಳು. "ನಿಮ್ಮ ಮುಖ ನೋಡೋದು ಬೇಡ ಅಂತ. ಮನಸ್ಸು ಚೆನ್ನಾಗಿದ್ದಾಗ ಈ ಮೂಲೆಗೆ ಬರ್ತಿದ್ದೆ. ಇಲ್ಲಿಂದ ನೀವು ಕಾಣ್ತೀರಲ್ಲ."

ಮೆಕ್ಯಾನಿಕ್ ಬೆಪ್ಪುತಕ್ಕಡಿಯ ಹಾಗೆ ಕೂತ. ಟಿಕ್ ಎಂದ ದಿನಗಳಲ್ಲೆಲ್ಲ ಅವಳು ಬೆನ್ನು ತಿರುಗಿಸಿ ಕುದಿಯುತ್ತಿದ್ದಳು, ಇವನು ಸುಖವಾಗಿ ಪುಟ ತಿರುಗಿಸುತ್ತಿದ್ದ. ಧಣ್ ಎಂದ ದಿನಗಳಲ್ಲೆಲ್ಲ ಅವಳು ಅವನನ್ನು ನೋಡಬೇಕೆಂದು ಬಂದು ನಿಂತಿದ್ದಳು, ಇವನು ಜೀವ ಕೈಯಲ್ಲಿ ಹಿಡಿದುಕೊಂಡು ಎದ್ದು ಬರುತ್ತಿದ್ದ. ಒಂದೇ ಒಂದು ಸಲ ಪೇಪರಿನಿಂದ ತಲೆ ಎತ್ತಿದ್ದರೆ ಸಾಕಿತ್ತು. ಪಾಪ, ಅವನ ಕಣ್ಣಿಗೆ ನೀರು ಬಂದೇ ಬಿಟ್ಟಿತು. ಅದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಮಗಳೂ ಸೇರಿಕೊಂಡಳು. ಮೇಸ್ತ್ರಿ ಚಹಾ ಮುಗಿಸಿ ಬಂದಾಗ, ಕಟ್ಟೆ ಕಿತ್ತುಹೋದ ಅಡುಗೆಮನೆಯಲ್ಲಿ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅವನು ಏನೂ ಅರ್ಥವಾಗದೆ ತಾನೂ ಸ್ವಲ್ಪ ನಕ್ಕು, ಯಾವ ಕಲ್ಲು ಎಂದು ಕೇಳಿದ.

ಹೆಂಡತಿ ಮೂರು ತುಂಡುಗಳನ್ನೂ ಇನ್ನೊಂದು ಸ್ಟೂಲಿನ ಮೇಲೆ ಸಾಲಾಗಿ ಇಟ್ಟು, ನೀವೇ ಹೇಳಿ ಎಂದು ಗಂಡನನ್ನು ಕೇಳಿದಳು. ಮಗಳು ಬಿಳಿಯದನ್ನು ತುಸು ಮುಂದೆ ತಳ್ಳಿದಳು. ಮೆಕ್ಯಾನಿಕ್‌ನ ಕೈ ಅಭ್ಯಾಸಬಲದಿಂದ ಜೇಬಿನತ್ತ ಹೋಯಿತು, ಇವತ್ತೂ ಅಲ್ಲೇ ಇಟ್ಟುಕೊಂಡಿದ್ದ ಲೋಟಕ್ಕೆ. ಆದರೆ ತೆಗೆಯಲಿಲ್ಲ. ಈ ಸಲ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳು ಕರಿಯದನ್ನೂ ಬಿಳಿಯದನ್ನೂ ಇಟ್ಟು ಕೈ ಕೊಡವಿಕೊಂಡಿದ್ದಳು. ತೇಗದ್ದರ ಮೇಲೆ ಮಾತ್ರ ಅಂಗೈ ಹಾಗೇ ಉಳಿದಿತ್ತು. ಬಸ್ಸುಗಳ ಹಾರನ್ನು, ಮೈಕಿನ ಕಿರಿಚಾಟ, ಜನರ ಕೂಗು ಕೇಳಿ ಕೇಳಿ ಬರುವವಳಿಗೆ ಮನೆಯಲ್ಲಿ ಸದ್ದಿಲ್ಲದ ಒಂದು ಜಾಗ ಬೇಕಾಗಿರಬಹುದು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

"ಮರ" ಎಂದ.

"ಅಪ್ಪ, ಅದನ್ನ ಕೂಸಿನ ಹಾಗೆ ನೋಡಿಕೊಳ್ಳಬೇಕಂತೆ" ಎಂದಳು ಮಗಳು.

"ನೋಡಿಕೊಳ್ಳೋಣ. ಎಣ್ಣೆ ಹಚ್ಚೋದು ನನಗೆ ಹೊಸದಾ?"

ಹೆಂಡತಿ ಕರಿಯದನ್ನೂ ಬಿಳಿಯದನ್ನೂ ಚೀಲಕ್ಕೆ ಹಾಕಿ ವಾಪಸು ಕೊಡಲು ಬಾಗಿಲ ಬಳಿ ಇಟ್ಟಳು. ಮಗಳು ಒಂದು ಗಳಿಗೆ ಮುಖ ಊದಿಸಿಕೊಂಡು, ಹಿಂದಿನ ಗೋಡೆಗಾದರೂ ಬಿಳಿ ಟೈಲ್ಸ್ ಎಂಬ ಷರತ್ತಿನ ಮೇಲೆ ಒಪ್ಪಿದಳು.

ತೇಗದ ಹಲಗೆ ಬಂತು. ಮೇಸ್ತ್ರಿ ಅದನ್ನು ಕೂರಿಸುವಾಗ ಮೂಲೆಯ ಕೆಳಗೆ ಗಾರೆ ತುಂಬಿ ಭದ್ರ ಮಾಡಿದ. ಮೆಕ್ಯಾನಿಕ್ ಶೆಡ್ಡಿಗೆ ರಜೆ ಹಾಕಿ, ಗಾಡಿಗೆ ಹಚ್ಚುವ ಎಣ್ಣೆಯಲ್ಲ, ಮಳಿಗೆಯವಳು ಹೇಳಿದ ಎಣ್ಣೆಯನ್ನೇ ತಂದು, ಹಲಗೆಗೆ ಒಂದು ಸುತ್ತು ಸವರಿ ಆರಲು ಬಿಟ್ಟು ಇನ್ನೊಂದು ಸುತ್ತು ಸವರಿದ. ಅಡುಗೆಮನೆಯಲ್ಲಿ ಹೊಸ ಪೆಟ್ಟಿಗೆ ತೆರೆದಾಗಿನ ವಾಸನೆ ಹರಡಿತು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದ. ಒಳಗೆ ಹೆಂಡತಿ ಹಾಲು ಕಾಯಲಿಟ್ಟಿದ್ದಳು. ಪಾತ್ರೆಗಳು ಏಳುತ್ತಿದ್ದವು, ಕೂರುತ್ತಿದ್ದವು. ಟಿಕ್ ಇಲ್ಲ, ಧಣ್ ಇಲ್ಲ, ಏನೂ ಇಲ್ಲ. ಅಭ್ಯಾಸ ತಪ್ಪಿದ ಕಿವಿಗೆ ಮನೆ ಖಾಲಿಯಾದಂತೆ ಕೇಳಿಸಿತು. ಒಂದೇ ಸಾಲನ್ನು ಮತ್ತೆ ಮತ್ತೆ ಓದಿದ, ತಲೆಗೆ ಹತ್ತಲಿಲ್ಲ. ಸಿಟ್ಟೋ ಸುಖವೋ ಎಂದು ಹಳೆಯ ದಿಗಿಲು ಮೆಲ್ಲಗೆ ಎದ್ದಿತು. ಕಿವಿ ಇನ್ನಷ್ಟು ಚುರುಕು ಮಾಡಿದ. ಆಮೇಲೆ ನೆನಪಾಯಿತು. ಪೇಪರನ್ನು ಕೆಳಗಿಳಿಸಿ ತಲೆ ಎತ್ತಿದ.

ಅವಳು ಬಾಗಿಲ ಪಕ್ಕದ ಮೂಲೆಯಲ್ಲಿ ನಿಂತಿದ್ದಳು. ಮೊಣಕೈ ಹೊಸ ಹಲಗೆಯ ಮೇಲೆ, ಗಲ್ಲ ಅಂಗೈಯ ಮೇಲೆ. ಅವನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

ಅವನು ಎದ್ದು ಹೋದ. ಸ್ಟೂಲು ಎಳೆದುಕೊಂಡು, ಬುಟ್ಟಿಯಿಂದ ಬಟಾಣಿ ತೆಗೆದು ಬಿಡಿಸತೊಡಗಿದ. ಅವಳು ಹುಬ್ಬು ಗಂಟಿಕ್ಕಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಏನು ಒಡೆದ್ರಿ?"

"ಏನೂ ಇಲ್ಲ."

"ಮತ್ತೆ ಯಾಕೆ ಬಂದ್ರಿ?"

"ನೀನು ಈ ಮೂಲೆಯಲ್ಲಿ ನಿಂತಿದ್ದೆಯಲ್ಲ, ಅದಕ್ಕೆ."

ಅವಳು ಬೇರೆ ಕಡೆ ತಿರುಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅದು ಕೋಪ ನುಂಗುವುದಲ್ಲ, ನಗು ಮುಚ್ಚುವುದು ಎಂದು ಅವನಿಗೆ ಈಗ ಗೊತ್ತಾಯಿತು. ಆಮೇಲೆ ಅವಳೂ ಒಂದು ಸ್ಟೂಲು ತಂದು ಹಾಕಿಕೊಂಡು ಮಾತಿಗೆ ಶುರುಮಾಡಿದಳು. ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ದಿನವೂ ಕಿಟಕಿಗೆ ಬಂದು, ಎಂದೂ ಹತ್ತದ ಬಸ್ಸಿನ ಸಮಯ ಕೇಳಿಕೊಂಡು ಹೋಗುವ ಕಥೆ. ಅವನು ಹೂಂ ಎಂದ. ಅಷ್ಟಕ್ಕೇ ಬಿಡದೆ, ಯಾಕಂತೆ ಎಂದೂ ಕೇಳಿದ. ಕಥೆ ಮುದುಕನಿಂದ ಮುಂದಿನ ಕೌಂಟರಿನವಳ ಮಗನ ಮದುವೆಗೆ ಹೋಯಿತು, ಅಲ್ಲಿಂದ ಎಲ್ಲಿಗೋ ಹೋಯಿತು. ಒಲೆಯ ಮೇಲಿನ ಹಾಲನ್ನು ಇಬ್ಬರೂ ಮರೆತರು. ಅದು ಸದ್ದಿಲ್ಲದೆ ಉಕ್ಕಿ, ಒಲೆ ದಾಟಿ, ಕೂಸಿನ ಹಾಗೆ ನೋಡಿಕೊಳ್ಳಬೇಕಾದ ಹಲಗೆಯ ಮೇಲೆಲ್ಲ ಹರಿಯಿತು.

ಹಾಲು ಸೀದ ವಾಸನೆಗೆ ಮಗಳು ಓಡಿಬಂದು ಒಲೆ ಆರಿಸಿ, ಹೊಸ ಕಟ್ಟೆಗೆ ಮೊದಲ ದಿನವೇ ಕಲೆ, ಯಾರು ಮಾಡಿದ್ದು ಎಂದು ಕೇಳಿದಳು. ಇಬ್ಬರೂ ಒಟ್ಟಿಗೇ ನಾನು ಎಂದರು. ಮಾತು ಎಲ್ಲಿಗೆ ನಿಂತಿತ್ತು ಎಂದು ಮೆಕ್ಯಾನಿಕ್ ಹೆಂಡತಿಯನ್ನು ಕೇಳಿದ. ಅವಳು ಒಂದು ಕೈಯಲ್ಲಿ ಹಾಲು ಒರೆಸುತ್ತ ಮದುವೆಯಿಂದ ಮುಂದುವರಿಸಿದಳು.